ಜಿ ಶಿಯಾನ್‌ಲಿನ್
ಜಿ ಶಿಯಾನ್‌ಲಿನ್ (1911–2009): ವಾಲ್ಮೀಕಿ ರಾಮಾಯಣದ ಏಳೂ ಕಾಂಡಗಳನ್ನು ಸಂಸ್ಕೃತದಿಂದ ನೇರವಾಗಿ ಚೀನೀ ಪದ್ಯಕ್ಕೆ ತಂದ ವಿದ್ವಾಂಸ. ಶಾಂಡಾಂಗ್ ಪ್ರಾಂತ್ಯದ ಬಡ ರೈತರ ಮನೆಯಲ್ಲಿ ಹುಟ್ಟಿ, ಆರನೆಯ ವಯಸ್ಸಿನಿಂದ ಜಿನಾನ್ ನಗರದ ಚಿಕ್ಕಪ್ಪನ ಆಸರೆಯಲ್ಲಿ ಬೆಳೆದರು. ತ್ಸಿಂಗ್‌ಹುವಾ ವಿಶ್ವವಿದ್ಯಾಲಯದಲ್ಲಿ ಓದಿದ್ದು ಪಾಶ್ಚಾತ್ಯ ಸಾಹಿತ್ಯ. 1935ರಲ್ಲಿ ಎರಡು ವರ್ಷದ ಮಟ್ಟಿಗೆಂದು ಜರ್ಮನಿಯ ಗಟಿಂಗನ್‌ಗೆ ಹೋದವರು ಯುದ್ಧದಿಂದಾಗಿ ಹತ್ತು ವರ್ಷ ಅಲ್ಲೇ ಉಳಿಯಬೇಕಾಯಿತು. ಅಲ್ಲಿನ ಪ್ರಾಧ್ಯಾಪಕ ವಾಲ್ಡ್‌ಶ್ಮಿಟ್ ಅವರಲ್ಲಿ ಸಂಸ್ಕೃತ ಕಲಿತರು. ಆ ಗುರು ಸೈನ್ಯಕ್ಕೆ ಸೇರಬೇಕಾಗಿ ಬಂದಾಗ, ನಿವೃತ್ತರಾಗಿದ್ದ ಜೀಗ್ ಮರಳಿ ಬಂದು ಈ ಶಿಷ್ಯನಿಗೆ ಋಗ್ವೇದವನ್ನೂ ತೊಖಾರಿಯನ್ ಭಾಷೆಯನ್ನೂ ಹೇಳಿಕೊಟ್ಟರು.

1946ರಲ್ಲಿ ಸ್ವದೇಶಕ್ಕೆ ಮರಳಿ ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಪೌರಸ್ತ್ಯ ಭಾಷೆಗಳ ವಿಭಾಗ ಕಟ್ಟಿದರು. ಶಾಕುಂತಲ (1956), ಪಂಚತಂತ್ರ (1959), ವಿಕ್ರಮೋರ್ವಶೀಯ (1962) ಒಂದರ ಹಿಂದೊಂದು ಚೀನೀ ಭಾಷೆಗೆ ಬಂದವು.

ಸಾಂಸ್ಕೃತಿಕ ಕ್ರಾಂತಿ ಎಲ್ಲವನ್ನೂ ನಿಲ್ಲಿಸಿತು. ಕೆಂಪು ಕಾವಲುಪಡೆಯವರು ಮನೆಗೆ ನುಗ್ಗಿದರು. ಬಹಿರಂಗ ಸಭೆಗಳಲ್ಲಿ ಹೊಡೆತ ಬಿತ್ತು. ವಿಶ್ವವಿದ್ಯಾಲಯದ ಆವರಣದಲ್ಲೇ ಇದ್ದ ಬಂದೀಖಾನೆಗೆ ತಳ್ಳಿದರು. ಜನ ಅದನ್ನು ‘ದನದ ಕೊಟ್ಟಿಗೆ’ ಎನ್ನುತ್ತಿದ್ದರು; 1998ರಲ್ಲಿ ಪ್ರಕಟವಾದ ಅವರ ನೆನಪುಗಳ ಪುಸ್ತಕಕ್ಕೂ ಅದೇ ಹೆಸರು. ಬಿಡುಗಡೆಯ ನಂತರ ಪ್ರಾಧ್ಯಾಪಕರಿಗೆ ಸಿಕ್ಕಿದ್ದು ವಿದ್ಯಾರ್ಥಿನಿಲಯದ ಬಾಗಿಲು ಕಾಯುವ, ಟಪಾಲು ಹಂಚುವ ಕೆಲಸ.

ರಾಮಾಯಣದ ಅನುವಾದ 1973ರಲ್ಲಿ ಶುರುವಾದದ್ದು ಆ ಬಾಗಿಲಲ್ಲೇ. ಸಂಸ್ಕೃತ ಗ್ರಂಥವನ್ನು ಅಲ್ಲಿಗೆ ಒಯ್ದರೆ ಯಾರ ಕಣ್ಣಿಗೆ ಬೀಳುತ್ತದೋ ಎಂಬ ಅಳುಕು. ಹಾಗಾಗಿ ರಾತ್ರಿ ಮನೆಯಲ್ಲಿ ಶ್ಲೋಕಗಳನ್ನು ಗದ್ಯಕ್ಕಿಳಿಸಿ ಚೀಟಿಗಳಲ್ಲಿ ಬರೆದು ಜೇಬಿಗಿಟ್ಟುಕೊಂಡು ಹೋಗುವರು. ಹಗಲು ಕಾವಲಿನ ಬಿಡುವಿನಲ್ಲಿ ಅದನ್ನೇ ನಾಲ್ಕು ಸಾಲಿನ ಪ್ರಾಸಬದ್ಧ ಪದ್ಯವಾಗಿ ಹೊಸೆಯುವರು. ಮೂಲದ ಅನುಷ್ಟುಪ್ಪಿಗೆ ಪ್ರಾಸದ ಹಂಗಿಲ್ಲ. ಆ ಹೊರೆ ಅವರು ತಾವಾಗಿ ಹೊತ್ತದ್ದು; ಚೀನೀ ಕಿವಿಗೆ ಪದ್ಯ ಪದ್ಯವಾಗಿಯೇ ಕೇಳಲಿ ಎಂಬ ಹಟವಿಲ್ಲದಿದ್ದರೆ ಗದ್ಯದಲ್ಲಿ ಎಷ್ಟೋ ಬೇಗ ಮುಗಿಯುತ್ತಿತ್ತು. ಅಚ್ಚಾಗುವ ಭರವಸೆಯೂ ಇರಲಿಲ್ಲ. ಕೆಲಸ 1977ರಲ್ಲಿ ಮುಗಿಯಿತು, 1980ರಿಂದ 1984ರವರೆಗೆ ಸಂಪುಟಗಳು ಹೊರಬಂದವು.

ಮುಂದೆ ಅವರು ಸಕ್ಕರೆಯ ಇತಿಹಾಸವನ್ನೂ ಬರೆದರು. ಸಕ್ಕರೆಯೊಡನೆ ಅದರ ಹೆಸರೂ ತಂತ್ರವೂ ಭಾರತ–ಚೀನಾಗಳ ನಡುವೆ ಓಡಾಡಿದ ಬಗೆ ಅದರ ವಸ್ತು. ಭಾರತ ಸರ್ಕಾರ 2008ರಲ್ಲಿ ಪದ್ಮಭೂಷಣ ನೀಡಿತು. ಆಗ ಅವರು ಬೀಜಿಂಗ್‌ನ ಆಸ್ಪತ್ರೆಯೊಂದರಲ್ಲಿದ್ದರು. ಅಂದಿನ ವಿದೇಶಾಂಗ ಸಚಿವ ಪ್ರಣಬ್ ಮುಖರ್ಜಿ ಅಲ್ಲಿಗೇ ಹೋಗಿ ಗೌರವಿಸಿದರು. ಜಿ ಶಿಯಾನ್‌ಲಿನ್ 2009ರ ಜುಲೈ 11ರಂದು ತೀರಿಕೊಂಡರು.