ಗಂಧದ ಮರದ ರೋಗ: ಬೆಂಕಿಯೋ, ಹುಳವೋ?



ಬಳ್ಳಾರಿ ಪೇಟೆಗೆ ಹೋಗಿಬರುವಾಗ ಕುರುಗೋಡಿನ ಕಲ್ಲುಗುಡ್ಡಗಳನ್ನು ನೋಡಿಯೇ ಇರುತ್ತೀರಿ. ಬಿಸಿಲು ಏರಿತೆಂದರೆ ಗುಡ್ಡದ ಹುಲ್ಲು ಒಣಗಿ ಗರಿಗರಿಯಾಗುತ್ತದೆ. ಬೀಡಿಯ ಒಂದು ಕಿಡಿ ಸಾಕು. ಸಿರುಗುಪ್ಪದ ಕಡೆ ಭತ್ತ ಕೊಯ್ದ ಮೇಲೆ ಕೂಳೆಗೆ ಬೆಂಕಿ ಇಡುವವರೂ ಉಂಟು. "ಹುಳಹುಪ್ಪಡಿ ಸಾಯ್ಲಿ ಬಿಡ್ರಿ" ಅಂತಾರೆ. ಹಾಗೆ ಬೆಂಕಿ ಬೀಳುವ ಬದುವಿನ ಮೇಲೆ ಗಂಧದ ಸಸಿ ಇದ್ದರೆ? ಬೆಂಕಿ, ಹುಳ, ಗಂಧ ಈ ಮೂರೂ ಸೇರಿದ ಒಂದು ಹಳೆಯ ಸಂಗತಿಯುಂಟು. ಅದನ್ನು ತಿಳಿದರೆ ಕಡ್ಡಿ ಗೀರುವ ಕೈ ಒಂದು ಗಳಿಗೆ ತಡೆದೀತು.

೧೮೯೯ರಲ್ಲಿ ಕೊಡಗಿನ ಕಾಡಿನಲ್ಲಿ ಗಂಧದ ಮರಗಳಿಗೆ ವಿಚಿತ್ರ ರೋಗ ಕಂಡಿತು. ಎಲೆ ಸಣ್ಣದಾಗಿ, ಗೆಣ್ಣು ಗಿಡ್ಡಾಗಿ, ರೆಂಬೆಯ ಸುತ್ತ ಎಲೆಗಳು ಮೊಳೆಯ ಹಾಗೆ ಸೆಟೆದು ನಿಂತವು. ಹೂವಿಲ್ಲ, ಕಾಯಿಲ್ಲ. ಎರಡು ಮೂರು ವರ್ಷದಲ್ಲಿ ಮರವೇ ಸತ್ತಿತು. ಇದಕ್ಕೆ ಸ್ಪೈಕ್ ರೋಗ ಎಂದು ಹೆಸರಾಯಿತು. ಮೈಸೂರು ಸೀಮೆಗೂ ಹಬ್ಬಿತು. ಗಂಧವೆಂದರೆ ಅಲ್ಲಿ ಸರ್ಕಾರದ ದೊಡ್ಡ ಆದಾಯ. ಎಲ್ಲರಿಗೂ ದಿಗಿಲಾಯಿತು.

ಕಾರಣವೇನು? ಕಣ್ಣಿಗೆ ಕಾಣುವುದರ ಮೇಲೆ ಮೊದಲು ಗುಮಾನಿ ಹೋಗುವುದು ಲೋಕರೂಢಿ. ಬರ, ಕಾಳ್ಗಿಚ್ಚು, ಲಂಟಾನ ಪೊದೆ ಹೀಗೆ ಒಬ್ಬೊಬ್ಬರು ಒಂದೊಂದರ ಕಡೆ ಬೆರಳು ತೋರಿಸಿದರು. ಮರದೊಳಗಿನ ರಸದ ಓಟ ತಪ್ಪಿ ರೋಗ ಬರುತ್ತದೆಂದು ಡೆಹರಾಡೂನಿನ ಅರಣ್ಯ ಸಸ್ಯಶಾಸ್ತ್ರಜ್ಞ ಆರ್. ಎಸ್. ಹೋಲ್ ಎಂಬವರ ಅಭಿಪ್ರಾಯ.

ಆಗ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾ ದೇಶದ ವಿಜ್ಞಾನಿ ಇದ್ದರು. ೧೯೦೮ರಲ್ಲಿ ಬಂದವರು, ಅಡಿಕೆಯ ಕೊಳೆರೋಗಕ್ಕೆ ಮದ್ದು ಸಿಂಪಡಿಸುವುದನ್ನು ಮಲೆನಾಡಿಗೆ ಕಲಿಸಿದವರು. ನಮ್ಮ ಎರೆಹೊಲದ ಜೋಳ ತಿನ್ನುವ ರೆಕ್ಕೆಯಿಲ್ಲದ ಮಿಡತೆಗೆ ವಿಜ್ಞಾನದಲ್ಲಿ ಇವರದೇ ಹೆಸರು. ಇವರು ರೋಗದ ಮರದ ತುಂಡೊಂದನ್ನು ಆರೋಗ್ಯದ ಮರಕ್ಕೆ ಕಸಿ ಕಟ್ಟಿದರು. ಒಳ್ಳೆಯ ಮರಕ್ಕೂ ರೋಗ ಬಂತು! ೧೯೧೭ರಲ್ಲಿ ಇದನ್ನು ಪ್ರಕಟಿಸಿದರು. ನೀವೇ ಯೋಚಿಸಿ: ಬೆಂಕಿಯಿಂದಲೋ ಬರದಿಂದಲೋ ಹುಟ್ಟಿದ ರೋಗವಾಗಿದ್ದರೆ, ಒಂದು ಕಸಿಕಡ್ಡಿಯಿಂದ ಹೇಗೆ ಹತ್ತೀತು? ಇದು ಅಂಟುರೋಗವೆಂದು ಖಚಿತವಾಯಿತು.

ಆದರೆ ಕಾಡಿನಲ್ಲಿ ಕಸಿ ಕಟ್ಟುವವರು ಯಾರು? ಯಾವುದೋ ಹುಳವೇ ಇರಬೇಕೆಂದು ೧೯೩೦ರ ದಶಕದಲ್ಲಿ ಸೆಡ್ರಿಕ್ ಡೋವರ್ ಮುಂತಾದ ಕೀಟತಜ್ಞರು ಗಂಧದ ಮರದ ಮೇಲಿನ ಹುಳುಗಳನ್ನು ಹಿಡಿದು ಪರೀಕ್ಷೆ ಮಾಡಿದರು. ಎಲೆಯ ರಸ ಹೀರುವ ಜಿಗಿಹುಳುಗಳ ಮೇಲೆ ಸಂಶಯ ಬಲವಾಯಿತು. ೧೯೬೯ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ರೋಗದ ಮರದ ರಸನಾಳದೊಳಗೆ ಅತಿ ಸಣ್ಣ ಜೀವಿಗಳು ಕಂಡವು. ಇವಕ್ಕೆ ಈಗ ಫೈಟೋಪ್ಲಾಸ್ಮಾ ಎನ್ನುತ್ತಾರೆ. ಕಾರಣ ಕಾಣುವುದಕ್ಕೆ ೭೦ ವರ್ಷ ಬೇಕಾಯಿತು ನೋಡಿ!

೧೯೭೦ರ ದಶಕದಲ್ಲಿ ಶಿವರಾಮಕೃಷ್ಣನ್ ಮತ್ತು ಸೇನ್-ಶರ್ಮ ಎಂಬ ವಿಜ್ಞಾನಿಗಳು, ಭತ್ತದ ಹಸಿರು ಜಿಗಿಹುಳು ಈ ರೋಗವನ್ನು ದಾಟಿಸಬಲ್ಲದೆಂದು ಪ್ರಯೋಗದಲ್ಲಿ ತೋರಿಸಿದರು. ಸಿರುಗುಪ್ಪದ ಗದ್ದೆಯವರಿಗೆ ಇದು ಪರಿಚಯದ ಹುಳವೇ. ಹಾಗಂತ ಗದ್ದೆ ಪಕ್ಕದ ಗಂಧಕ್ಕೆಲ್ಲ ರೋಗ ಬಂದೇ ಬರುತ್ತದೆಂದು ಹೆದರಬೇಕಾಗಿಲ್ಲ. ಹುಳ ರೋಗದ ಮರದ ರಸ ಹೀರಿದ್ದರೆ ತಾನೇ ರೋಗ ತರುವುದು?

"ಹಂಗಾದ್ರೆ ಬೆಂಕಿ ಇಟ್ಟು ಹುಳ ಸುಟ್ಟುಬಿಡೋಣ" ಅಂತೀರಾ? ಬೇಡಿ. ಜಿಗಿಹುಳುವಿಗೆ ರೆಕ್ಕೆಯಿದೆ, ಸಸಿಗೆ ಕಾಲಿಲ್ಲ. ಗಂಧದ ತೊಗಟೆ ತೆಳುವು. ನೆಲದ ಹುಲ್ಲು ಉರಿದರೂ ಎಳೆಯ ಗಿಡ ಬೇಯುತ್ತದೆ. ಗಂಧವು ತೊಗರಿ, ಹೊಂಗೆಯಂಥ ಆಸರೆ ಗಿಡದ ಬೇರಿನಿಂದ ಆಹಾರ ಎಳೆದು ಬದುಕುವ ಮರ. ಆಸರೆ ಸುಟ್ಟರೆ ಗಂಧವೂ ಸೊರಗಿತು. ಸುಟ್ಟ ಮರದ ಬೇರಿನಿಂದ ಚಿಗುರು ಏಳುವುದುಂಟು. ಆದರೆ ಮರಕ್ಕೆ ಮೊದಲೇ ರೋಗವಿದ್ದರೆ ಆ ಚಿಗುರಿನಲ್ಲೂ ಅದು ಕಾಣಿಸಬಹುದು. ರೋಗಕ್ಕೆ ಬೆಂಕಿ ಕಾರಣವೂ ಅಲ್ಲ, ಮದ್ದೂ ಅಲ್ಲ.

೨೦೦೧ರ ಕಾನೂನು ತಿದ್ದುಪಡಿಯಿಂದ ಸ್ವಂತ ಹೊಲದ ಗಂಧಕ್ಕೆ ರೈತನೇ ಒಡೆಯ. ಒಡೆತನ ಬಂದ ಮೇಲೆ ಕಾವಲೂ ನಮ್ಮದೇ. ಸಸಿಯನ್ನು ನಂಬಿಕೆಯ ನರ್ಸರಿಯಿಂದ ತನ್ನಿ. ಬೇಸಿಗೆಗೆ ಮುಂಚೆ ಗಿಡದ ಸುತ್ತಲ ಒಣಹುಲ್ಲು ಕೆತ್ತಿ, ಬದುವಿನ ಅಂಚಿಗೆ ಬೆಂಕಿ ದಾಟದ ಹಾಗೆ ಬರಿನೆಲದ ಪಟ್ಟಿ ಬಿಡಿ. ಕೂಳೆಯನ್ನು ಸುಡದೆ ಮಣ್ಣಿಗೆ ಉತ್ತುಬಿಡಿ. ವರ್ಷಕ್ಕೆ ಒಂದೆರಡು ಬಾರಿ ಎಲೆ ನೋಡಿ. ಸಣ್ಣದಾಗಿ ಸೆಟೆದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ರೋಗವೆಂದು ಖಚಿತವಾದರೆ ಇಲಾಖೆಯವರು ಹೇಳಿದ ಹಾಗೆ ಬೇರುಸಹಿತ ತೆಗೆಸಿ. ಇದನ್ನು ಪೂರ್ತಿ ವಾಸಿಮಾಡುವ ಮದ್ದು ರೈತನ ಕೈಗೆ ಇನ್ನೂ ಬಂದಿಲ್ಲ. ಒಂದು ಮರದ ಆಸೆಗೆ ಹತ್ತು ಮರ ಕಳೆದುಕೊಳ್ಳಬೇಡಿ.