ಅಡುಗೆಮನೆಗೂ ದೇವರಮನೆಗೂ ಸೇರದ ಬಟ್ಟಲು: ಹಾಸನ ಸೀಮೆ ಮತ್ತು ಬೆಳ್ಳಿಲೇಪದ ಗಾಜಿನ ಸಕ್ಕರೆ ಪಾತ್ರೆ

ಸಾರಾಂಶ

ಬೆಳ್ಳಿಲೇಪದ ಚೌಕಟ್ಟಿನಲ್ಲಿ ಗಾಜಿನ ಬೋಗುಣಿ ಕೂರಿಸಿದ ಸಕ್ಕರೆ ಬಟ್ಟಲು ಯುರೋಪಿನ ಚಹಾ ಮೇಜಿಗಾಗಿ ರೂಪುಗೊಂಡದ್ದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಮನೆವಾರ್ತೆಯ ನಡುವೆ ಇಟ್ಟು ನೋಡಿದರೆ, ಇದನ್ನು ಅಲಂಕಾರದ ವಸ್ತುವಾಗಿಸುವುದು ಬರಿಯ ಅಂದವಲ್ಲ. ಕಾಫಿ ಬೆರೆಸುವ ಕ್ರಮ, ಮಡಿ ಮತ್ತು ಬೆಳ್ಳಿಯ ತೂಕದ ಲೆಕ್ಕ ಎಂಬುದು ಈ ಲೇಖನದ ವಾದ.

1. ತಯಾರಿಕೆ

18ನೇ ಶತಮಾನದ ನಡುವೆ ಶೆಫೀಲ್ಡಿನಲ್ಲಿ ತಾಮ್ರಕ್ಕೆ ಬೆಳ್ಳಿಯ ಹಾಳೆಯನ್ನು ಕಾಯಿಸಿ ಬೆಸೆಯುವ ಕಸುಬು ಹುಟ್ಟಿತು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ನರು ವಿದ್ಯುತ್ ಲೇಪನಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಹಿಂದೆ ಸರಿಯಿತು. ಸಯನೈಡ್ ದ್ರಾವಣದಲ್ಲಿ ಬೆಳ್ಳಿಯನ್ನು ಧನಾಗ್ರಕ್ಕೂ ಪಾತ್ರೆಯನ್ನು ಋಣಾಗ್ರಕ್ಕೂ ಜೋಡಿಸಿ ವಿದ್ಯುತ್ ಹಾಯಿಸಿದರೆ, ಬೆಳ್ಳಿ ಪಾತ್ರೆಯ ಮೈಗೆ ಹತ್ತುತ್ತದೆ. ಒಳಲೋಹ ಸಾಮಾನ್ಯವಾಗಿ ತಾಮ್ರ, ನಿಕಲ್, ಸತುವುಗಳ ಮಿಶ್ರಣ. ‘ಜರ್ಮನ್ ಸಿಲ್ವರ್’ ಎಂದು ಕರೆಸಿಕೊಳ್ಳುವ ಅದರಲ್ಲಿ ಬೆಳ್ಳಿಯೇ ಇಲ್ಲ. ತಳದಲ್ಲಿನ ‘ಇ.ಪಿ.ಎನ್.ಎಸ್.’ ಅಕ್ಷರಗಳು ಇದರ ಗುರುತು. ಸಕ್ಕರೆ ಗಾಜಿನ ಬೋಗುಣಿಯಲ್ಲಿರುವುದರಿಂದ ತೆಳುಲೇಪಕ್ಕೆ ಚಮಚದ ಗೀರು ತಾಗುವುದಿಲ್ಲ. ಬೋಗುಣಿಯನ್ನು ಬೇರೆಯಾಗಿ ತೆಗೆದು ತೊಳೆಯಲೂಬಹುದು.

2. ಕಾಫಿಯ ಕ್ರಮ

ಇಂಗ್ಲಿಷ್ ಮೇಜಿನಲ್ಲಿ ಸಕ್ಕರೆ ಎಷ್ಟೆಂಬುದು ಅತಿಥಿಯ ಆಯ್ಕೆ. ಬಟ್ಟಲು ಕೈಯಿಂದ ಕೈಗೆ ಸಾಗುತ್ತದೆ. 19ನೇ ಶತಮಾನದಲ್ಲಿ ಮಂಜರಾಬಾದ್, ಅಂದರೆ ಸಕಲೇಶಪುರ ಸೀಮೆಯಲ್ಲಿ, ನೆಲೆಸಿದ ಯುರೋಪಿಯನ್ ಪ್ಲಾಂಟರುಗಳ ಬಂಗಲೆಗೆ ಹೊಂದುವ ಶಿಷ್ಟಾಚಾರವಿದು. ಬಯಲಿನ ಮನೆಗಳಲ್ಲಿ ಡಿಕಾಕ್ಷನ್, ಹಾಲು, ಸಕ್ಕರೆ ಒಳಗೇ ಬೆರೆತು ಲೋಟದಲ್ಲಿ ಹೊರಬರುತ್ತವೆ. ಬೆಲ್ಲದ ಕಾಫಿಯ ರೂಢಿಯೂ ಉಂಟು. ಕಬ್ಬಿನ ಊರುಗಳಿಗೆ ಆಲೆಮನೆ ಹತ್ತಿರ. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದದ್ದು 1933ರಲ್ಲಿ. ಮುಂದೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರೀನಿವಾಸಪುರದಲ್ಲೇ ಸಹಕಾರಿ ಕಾರ್ಖಾನೆ ಬಂದರೂ, ಸಕ್ಕರೆ ಡಬ್ಬಿಯ ಜಾಗ ಅಡುಗೆಮನೆಯೇ. ಬಡಿಸುವವರೇ ಸಿಹಿಯನ್ನು ನಿರ್ಧರಿಸುವ ಈ ಕ್ರಮದಲ್ಲಿ ಮೇಜಿನ ಬಟ್ಟಲಿಗೆ ಕೆಲಸವಿಲ್ಲ.

3. ಮಡಿ ಮತ್ತು ತೂಕ

ಮಡಿ ಪಾಲಿಸುವ ಮನೆಗಳಲ್ಲಿ ಗಾಜು, ಪಿಂಗಾಣಿಗಳು ಅಡುಗೆಮನೆಗೂ ದೇವರಮನೆಗೂ ಹೊರಗು. ಮದುವೆಯ ಬಾಗಿಲಲ್ಲಿ ಪನ್ನೀರು, ಗಂಧದ ಜೊತೆ ಕಲ್ಲುಸಕ್ಕರೆ ನೀಡುವ ಹೊಣೆಯೊಂದೇ ಈ ಬಟ್ಟಲಿಗೆ ಒಗ್ಗಬಲ್ಲದು. ಉಳಿದ ದಿನಗಳಲ್ಲಿ ಇದರ ನೆಲೆ ಪಡಸಾಲೆಯ ಗಾಜಿನ ಬೀರು.

ಬೆಳ್ಳಿ ಸಾಮಾನು ನಮ್ಮಲ್ಲಿ ಕಷ್ಟಕಾಲಕ್ಕೆ ಅಡವಿಡುವ ಆಸ್ತಿ. ಅದರ ಬೆಲೆ ಹಿಂದೆ ತೊಲದ ಲೆಕ್ಕದಲ್ಲಿತ್ತು. ಒಂದು ತೊಲ ಸುಮಾರು 11.66 ಗ್ರಾಂ, ಹಳೆಯ ಬೆಳ್ಳಿ ರೂಪಾಯಿಯ ತೂಕ. ಲೇಪದ ಪಾತ್ರೆಗೆ ಆ ಬೆಲೆಯಿಲ್ಲ. ಆದರೆ ಗಟ್ಟಿ ಬೆಳ್ಳಿಯನ್ನು ಕರಗಿಸಿ ಹೊಸದು ಮಾಡಿಸುತ್ತಾರೆ, ಇದನ್ನು ಕರಗಿಸಿ ಲಾಭವಿಲ್ಲ. ಹೀಗೆ ಲೋಹದ ಬಡತನವೇ ಅಂದಿನ ವಿನ್ಯಾಸವನ್ನು ಮೂಸೆಯಿಂದ ಕಾಯುತ್ತದೆ.

4. ಸಮಾರೋಪ

ಇಂಥ ಬಟ್ಟಲನ್ನು ‘ನಕಲಿ ಬೆಳ್ಳಿ’ ಎಂದು ತಳ್ಳಿಹಾಕುವುದು ತಪ್ಪು. ಮನೆಯ ಒಳವಲಯ ಒಪ್ಪದ ವಸ್ತುವಿಗೂ ಪಡಸಾಲೆ ಗೌರವದ ಸ್ಥಾನ ಕೊಡಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ದಾಖಲಿಸುವವರು ತಳದ ಗುರುತಿನೊಂದಿಗೆ, ಅದು ಮನೆಯ ಯಾವ ಜಾಗದಲ್ಲಿತ್ತು, ಯಾವ ಸಂದರ್ಭಕ್ಕೆ ಹೊರಬರುತ್ತಿತ್ತು ಎಂಬುದನ್ನೂ ಬರೆದಿಡಬೇಕು. ಮೇಲಿನ ಕಪ್ಪು ಬೆಳ್ಳಿಯ ಸಲ್ಫೈಡ್. ಅದನ್ನು ಕಳೆಯಲು ವಿಭೂತಿ ಹಾಕಿ ಪದೇ ಪದೇ ಉಜ್ಜಿದರೆ ಲೇಪವೇ ಸವೆಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಉಳಿದ ಕಪ್ಪನ್ನು ಹಾಗೆಯೇ ಬಿಡುವುದು ಲೇಸು.