ಡಬ್ಬದ ಮೇಲೆ ಬರೆಯದ ಕಥೆ

ಕಳೆದ ವರ್ಷ ಕಂಪನಿಯವರು ಎಂಟು ತಿಂಗಳ ಮಟ್ಟಿಗೆ ನನ್ನನ್ನು ನ್ಯೂಜೆರ್ಸಿಗೆ ಕಳಿಸಿದ್ದರು. ಚಳಿಗಾಲದ ಶನಿವಾರಗಳಲ್ಲಿ ಮಾಡೋಕೆ ಬೇರೇನೂ ಕೆಲಸವಿಲ್ಲದೆ ಅಲ್ಲಿನ ಹಳೇ ಸಾಮಾನಿನ ಅಂಗಡಿಗಳನ್ನು ಸುತ್ತುತ್ತಿದ್ದೆ. ಜನ ಬೇಡ ಅಂತ ಕೊಟ್ಟುಹೋದ ಕೋಟು, ಕಪ್ಪು-ಸಾಸರು, ಟೋಸ್ಟರುಗಳ ನಡುವೆ ಎಲ್ಲ ಅಂಗಡಿಯಲ್ಲೂ ಒಂದು ಕಪಾಟಿನ ತುಂಬ ಡಿವಿಡಿ ಇರುತ್ತಿದ್ದವು. ಇಡೀ ಸೀಸನ್ನಿನ ಸೆಟ್ಟಿಗೆ 3 ಡಾಲರ್. ನಮ್ಮ ಲೆಕ್ಕದಲ್ಲಿ ಒಂದು ಪಿಜ್ಜಾಗಿಂತ ಅಗ್ಗ!

ಹಾಗೆ ಕೊಂಡವುಗಳಲ್ಲಿ ಒಂದು ಹಳೇ ಅಮೆರಿಕನ್ ಹಾಸ್ಯ ಧಾರಾವಾಹಿಯ ಸೆಟ್ಟನ್ನು ಮೈಸೂರಿಗೆ ತಂದು ಅಪ್ಪನಿಗೆ ಕೊಟ್ಟೆ. ಅಪ್ಪ ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಕಪ್ಪು-ಬಿಳುಪು ಸಿನಿಮಾ ಅಂದರೆ ಪ್ರಾಣ. ಆದರೆ ಎರಡು ವರ್ಷದಿಂದ ಕಿವಿ ಮಂದವಾಗಿದೆ. ಮೆಷಿನ್ ಹಾಕಿಕೊಳ್ಳಿ ಅಂದರೆ "ನಂಗೇನಾಗಿದೆ, ನೀವೆಲ್ಲ ಮೆಲ್ಲಗೆ ಮಾತಾಡ್ತೀರ" ಅಂತಾರೆ. ಡಬ್ಬದ ಹಿಂದೆ ಚಿಕ್ಕದಾಗಿ "ಸಿಸಿ" ಅಂತ ಗುರುತಿತ್ತು. ಸಬ್‌ಟೈಟಲ್ ಇದೆ, ಅಪ್ಪ ಓದಿಕೊಂಡು ನೋಡ್ತಾರೆ ಅಂದುಕೊಂಡೆ. ಎಸ್‌ಪಿ ರಸ್ತೆಯಲ್ಲಿ ಎಲ್ಲ ದೇಶದ ಡಿಸ್ಕನ್ನೂ ಓದುವ ಪ್ಲೇಯರ್ ಒಂದನ್ನು ಹುಡುಕಿ ಕೊಂಡು, ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ, ದೊಡ್ಡ ಉಪಕಾರ ಮಾಡಿದವನ ಹಾಗೆ ಬೆಂಗಳೂರಿಗೆ ವಾಪಸ್ ಬಂದೆ.

ಎರಡು ವಾರ ಬಿಟ್ಟು ಅಮ್ಮ ಫೋನಿನಲ್ಲಿ ಹೇಳಿದಳು. "ನಿಮ್ಮಪ್ಪ ದಿನಾ ರಾತ್ರಿ ಅದನ್ನ ಹಾಕ್ಕೊಂಡು ಕೂತ್ಕೋತಾರೆ ಕಣೋ, ನೀನು ತಂದಿದ್ದು ಅಂತ. ಮಾತು ಒಂದೂ ಕೇಳಿಸಲ್ಲ ಅವರಿಗೆ. ಅಕ್ಷರಾನೂ ಬರ್ತಿಲ್ಲ. ಅದರಲ್ಲಿ ಜನ ಗೊಳ್ ಅಂತ ನಗ್ತಾರಲ್ಲ, ಆವಾಗ ಇವರೂ ನಗ್ತಾರೆ."

ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ. ಡಬ್ಬದ ಚಿತ್ರ ನೋಡಿ, ಬೆಲೆ ನೋಡಿ, ಗುರುತು ನೋಡಿ ಕೊಂಡಿದ್ದೆ. ಒಳಗೆ ಏನಿದೆ ಅಂತ ನೋಡಿರಲೇ ಇಲ್ಲ. ಆಮೇಲೆ ಕೂತು ಓದೋಕೆ ಶುರು ಮಾಡಿದೆ. ಹಳೇ ಟಿವಿ ಧಾರಾವಾಹಿಯ ಡಿವಿಡಿ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಡಿಸ್ಕ್ ಮಾಡಿದ ದಿನ ತೀರ್ಮಾನ ಆಗೋದಲ್ಲ, ಐವತ್ತು-ಅರವತ್ತು ವರ್ಷ ಮೊದಲೇ ಆಗಿರುತ್ತೆ ಅನ್ನೋದು ಆಗ ತಿಳಿಯಿತು.

ಮೊದಲಿಗೆ "ಐ ಲವ್ ಲೂಸಿ"ಯಿಂದಲೇ ಶುರು ಮಾಡೋಣ. 1951ರ ಅಕ್ಟೋಬರಿನಲ್ಲಿ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ಧಾರಾವಾಹಿ. ಆಗಿನ ಪದ್ಧತಿ ಏನಪ್ಪಾ ಅಂದರೆ, ನ್ಯೂಯಾರ್ಕಿನಲ್ಲಿ ನಾಟಕದ ಹಾಗೆ ನೇರಪ್ರಸಾರ ಮಾಡೋದು. ದೂರದ ಊರುಗಳಿಗೆ ಬೇಕಾದರೆ ಟಿವಿ ಪರದೆಯ ಮುಂದೆ ಸಿನಿಮಾ ಕ್ಯಾಮೆರಾ ಇಟ್ಟು ಅದನ್ನೇ ಚಿತ್ರೀಕರಿಸಿ ಕಳಿಸೋದು. ಈಗ ನಾವು ಟಿವಿಗೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡ್ತೀವಲ್ಲ, ಥೇಟ್ ಹಾಗೆ. ಇದಕ್ಕೆ ಕಿನೆಸ್ಕೋಪ್ ಅಂತ ಹೆಸರು. ಚಿತ್ರ ಮಸುಕು, ಅಂಚು ಕಲಸಿದ ಹಾಗೆ.

ಲೂಸಿಲ್ ಬಾಲ್ ಮತ್ತು ಆಕೆಯ ಗಂಡ ದೇಸಿ ಅರ್ನಾಜ್ ಹಾಲಿವುಡ್ ಬಿಟ್ಟು ನ್ಯೂಯಾರ್ಕಿಗೆ ಹೋಗಲು ಒಪ್ಪಲಿಲ್ಲ. ಪ್ರೇಕ್ಷಕರ ಮುಂದೆಯೇ ನಟಿಸುತ್ತೇವೆ, ಆದರೆ ಮೂರು ಸಿನಿಮಾ ಕ್ಯಾಮೆರಾ ಇಟ್ಟು 35 ಮಿ.ಮೀ. ಫಿಲ್ಮಿನಲ್ಲೇ ಚಿತ್ರೀಕರಿಸೋಣ ಅಂದರು. ಖರ್ಚು ಜಾಸ್ತಿ ಅಂತ ತಕರಾರು ಬಂದಾಗ ತಮ್ಮ ಸಂಬಳ ಕಡಿಮೆ ಮಾಡಿಕೊಂಡು, ಬದಲಿಗೆ ಫಿಲ್ಮಿನ ಮಾಲೀಕತ್ವ ಕೇಳಿ ಪಡೆದರು. ಬೆಳಕಿನ ಜವಾಬ್ದಾರಿ ಹೊತ್ತವನು ಕಾರ್ಲ್ ಫ್ರಾಯಿಂಡ್. ಜರ್ಮನಿಯಲ್ಲಿ 1927ರ "ಮೆಟ್ರೊಪೊಲಿಸ್" ಸಿನಿಮಾದ ಛಾಯಾಗ್ರಾಹಕರಲ್ಲಿ ಒಬ್ಬನಾಗಿದ್ದವನು! ಆ ಒಂದು ಹಟದಿಂದಾಗಿ ಇವತ್ತಿಗೂ ಲೂಸಿಯ ಡಿಸ್ಕ್ ಹಾಕಿದರೆ ಚಿತ್ರ ನಿನ್ನೆ ತೆಗೆದಷ್ಟು ಸ್ವಚ್ಛ. ಅದೇ ಕಾಲದ ಎಷ್ಟೋ ಕಾರ್ಯಕ್ರಮಗಳು ಕಿನೆಸ್ಕೋಪಿನ ಮಂಜಿನಲ್ಲೇ ಉಳಿದಿವೆ, ಇನ್ನೆಷ್ಟೋ ಉಳಿದೇ ಇಲ್ಲ.

1956ರಲ್ಲಿ ಆಂಪೆಕ್ಸ್ ಕಂಪನಿ ಎರಡು ಇಂಚು ಅಗಲದ ವಿಡಿಯೋ ಟೇಪ್ ಯಂತ್ರ ತಂದಿತು. ಎಂಜಿನಿಯರುಗಳಿಗೆ ಹಬ್ಬ. ಆದರೆ ಈ ಟೇಪಿನ ಒಂದು ಗುಣವೇ ಶಾಪವಾಯಿತು. ಅದು ದುಬಾರಿ, ಮತ್ತು ಅದನ್ನು ಅಳಿಸಿ ಮತ್ತೆ ಬಳಸಬಹುದು. ಸ್ಲೇಟು ಒರೆಸಿದ ಹಾಗೆ ಒರೆಸಿದರು. ಅಮೆರಿಕದಲ್ಲಿ ಜಾನಿ ಕಾರ್ಸನ್ 1962ರಿಂದ ನಡೆಸಿದ "ಟುನೈಟ್ ಶೋ"ನ ಮೊದಲ ಹತ್ತು ವರ್ಷಗಳಲ್ಲಿ ಬಹುಪಾಲು ಹೀಗೇ ಹೋಯಿತು.

ಒಂದೇ ಸೆಟ್ಟಿನೊಳಗೆ ಈ ವ್ಯತ್ಯಾಸ ನೋಡಬೇಕು ಅಂದರೆ "ದಿ ಟ್ವಿಲೈಟ್ ಜೋನ್" ಹಾಕಿ. 1959ರಿಂದ 1964ರವರೆಗೆ 156 ಕಂತು. ಎರಡನೇ ಸೀಸನ್ನಿನಲ್ಲಿ ಖರ್ಚು ಉಳಿಸೋಕೆ ಆರು ಕಂತುಗಳನ್ನು ಮಾತ್ರ ವಿಡಿಯೋ ಟೇಪಿನಲ್ಲಿ ತೆಗೆದರು. ಸಿನಿಮಾದ ಹಾಗೆ ಸಾಗುತ್ತಿದ್ದ ಧಾರಾವಾಹಿ ಇದ್ದಕ್ಕಿದ್ದಂತೆ ಚಪ್ಪಟೆಯಾಗಿ, ಶಾಲಾ ವಾರ್ಷಿಕೋತ್ಸವದ ವಿಡಿಯೋ ಹಾಗೆ ಕಾಣುತ್ತೆ. ಮೊದಲ ಸಲ ನೋಡಿದಾಗ ಡಿಸ್ಕೇ ಕೆಟ್ಟಿದೆ ಅಂದುಕೊಂಡಿದ್ದೆ. ಕೆಟ್ಟಿದ್ದು ಡಿಸ್ಕಲ್ಲ, ಆವತ್ತಿನ ಉಳಿತಾಯ.

ಬ್ರಿಟನ್ನಿನ "ಡಾಕ್ಟರ್ ಹೂ" ಕಥೆ ಇನ್ನೂ ರೋಚಕ. 1963ರಲ್ಲಿ ಶುರುವಾದ ಈ ಧಾರಾವಾಹಿಯ ಟೇಪುಗಳನ್ನು ಬಿಬಿಸಿ ಒರೆಸಿಹಾಕಿತು, ಫಿಲ್ಮ್ ಪ್ರತಿಗಳನ್ನೂ ಎಸೆಯಿತು. 1978ರ ಹೊತ್ತಿಗೆ ಇದು ನಿಂತಿತಾದರೂ ಅಷ್ಟರಲ್ಲಿ ಬೇಕಾದಷ್ಟು ಹೋಗಿತ್ತು. ಉಳಿದದ್ದರಲ್ಲಿ ಎಷ್ಟೋ ಸಿಕ್ಕಿದ್ದು ಹೊರದೇಶಗಳಿಗೆ ಮಾರಿದ್ದ 16 ಮಿ.ಮೀ. ಪ್ರತಿಗಳಿಂದ. "ದಿ ಟೂಂಬ್ ಆಫ್ ದಿ ಸೈಬರ್‌ಮೆನ್" ಹಾಂಗ್‌ಕಾಂಗಿನಿಂದ ವಾಪಸ್ ಬಂತು. 2013ರಲ್ಲಿ ನೈಜೀರಿಯಾದಿಂದ, ಕಳೆದೇಹೋಗಿವೆ ಅಂದುಕೊಂಡಿದ್ದ ಒಂಬತ್ತು ಕಂತು ಸಿಕ್ಕವು. ಕಳೆದುಹೋದ ಕಂತುಗಳ ಧ್ವನಿ ಮಾತ್ರ ಪೂರ್ತಿ ಉಳಿದಿದೆ. ಯಾಕೆ ಗೊತ್ತಾ? ಅಂದಿನ ಅಭಿಮಾನಿಗಳು ಮನೆಯಲ್ಲಿ ಟಿವಿ ಎದುರು ಟೇಪ್ ರೆಕಾರ್ಡರ್ ಇಟ್ಟು ಧ್ವನಿ ಹಿಡಿದಿಟ್ಟಿದ್ದರು. 2006ರಲ್ಲಿ "ದಿ ಇನ್ವೇಶನ್" ಕಥೆಯ ಡಿವಿಡಿ ತಂದಾಗ ಇಲ್ಲದ ಎರಡು ಕಂತಿಗೆ ಆ ಧ್ವನಿಯನ್ನೇ ಇಟ್ಟು ಅನಿಮೇಶನ್ ಮಾಡಿದರು.

ಈ ಡಿಸ್ಕುಗಳಲ್ಲಿ ಇನ್ನೊಂದು ಸಾಹಸವಿದೆ, ನನ್ನಂಥವನಿಗೆ ಬಲು ಇಷ್ಟವಾದದ್ದು. ಮೂಲ ವಿಡಿಯೋದಲ್ಲಿ ಸೆಕೆಂಡಿಗೆ 50 ಸಲ ಚಿತ್ರ ಬದಲಾಗುತ್ತಿತ್ತು. ಫಿಲ್ಮಿಗೆ ಇಳಿಸಿದಾಗ ಅದು 25 ಆಯಿತು, ಚಲನೆ ಕುಂಟಿತು. ವಿಡ್‌ಫೈರ್ ಅನ್ನುವ ತಂತ್ರದಲ್ಲಿ ಎರಡು ಫ್ರೇಮುಗಳ ನಡುವೆ ಏನಿದ್ದಿರಬೇಕು ಅಂತ ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಆ 50ನ್ನು ಮತ್ತೆ ಕಟ್ಟಿದರು. ಇಂಥ ಸೆಟ್ಟಿಗೆ ದುಡ್ಡು ಕೊಟ್ಟರೆ ಪ್ಲಾಸ್ಟಿಕ್ಕಿಗೆ ಕೊಟ್ಟಂತಲ್ಲ, ಜನರ ಶ್ರದ್ಧೆಗೆ ಕೊಟ್ಟಂತೆ.

ಫಿಲ್ಮಿನಲ್ಲಿ ತೆಗೆದರೆ ಎಲ್ಲ ಸರಿ ಅಂತಲೂ ಅಲ್ಲ. "ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್" (1987-94) ತೆಗೆದದ್ದು 35 ಮಿ.ಮೀ. ಫಿಲ್ಮಿನಲ್ಲಿ. ಆದರೆ ಎಡಿಟಿಂಗು, ಆಕಾಶನೌಕೆಯ ಜೋಡಣೆಗಳು ಎಲ್ಲ ವಿಡಿಯೋ ಟೇಪಿನಲ್ಲಿ. ಹಾಗಾಗಿ ಡಿವಿಡಿಗೆ ಬಂದದ್ದು ಆ ಟೇಪಿನ ಮಬ್ಬು ಚಿತ್ರವೇ. 2012ರಿಂದ ಬ್ಲೂ-ರೇಗೆ ತರುವಾಗ ಮೂಲ ನೆಗೆಟಿವ್ ಹುಡುಕಿ, ಪ್ರತಿ ಕಂತನ್ನೂ ಮೊದಲಿಂದ ಮತ್ತೆ ಜೋಡಿಸಿದರು. ಡಿವಿಡಿಗಿಂತ ಹೊಸ ಆವೃತ್ತಿ ನಿಜವಾಗಿಯೂ ಮೇಲು ಅನ್ನೋಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಚಿತ್ರದ ಮಾತು ಆಯಿತು. ಇನ್ನು ಪೂರ್ತಿ ಇದೆಯಾ ಅನ್ನೋ ಪ್ರಶ್ನೆ. ಮರುಪ್ರಸಾರದಲ್ಲಿ ಜಾಹೀರಾತಿಗೆ ಜಾಗ ಮಾಡಲು ಅಮೆರಿಕದ ಸ್ಟೇಷನ್ನುಗಳು ಕಂತುಗಳಿಂದ ಎರಡು-ಮೂರು ನಿಮಿಷ ಕತ್ತರಿಸುತ್ತಿದ್ದವು. ಕೆಲವು ಸೆಟ್ಟುಗಳಿಗೆ ಈ ಕತ್ತರಿಸಿದ ಪ್ರತಿಗಳನ್ನೇ ಹಾಕಿಬಿಟ್ಟರು. 2005ರಲ್ಲಿ ಬಂದ "ರೋಸೆನ್" ಧಾರಾವಾಹಿಯ ಮೊದಲ ಸೀಸನ್ ಹಾಗೆ. ಆದ್ದರಿಂದ ಡಬ್ಬದ ಹಿಂದಿನ ಒಟ್ಟು ನಿಮಿಷವನ್ನು ಕಂತುಗಳ ಸಂಖ್ಯೆಯಿಂದ ಭಾಗಿಸಿ ನೋಡಿ. "ಟ್ವಿನ್ ಪೀಕ್ಸ್" ಮೊದಲ ಸೀಸನ್ 2001ರಲ್ಲಿ ಅಮೆರಿಕದಲ್ಲಿ ಬಂದಾಗ ಹಕ್ಕಿನ ತೊಡಕಿನಿಂದ ಕಥೆ ಶುರುವಾಗುವ ಮೊದಲ ಕಂತೇ ಇರಲಿಲ್ಲ! 2007ರ ಸೆಟ್ಟಿನಲ್ಲಿ ಅದು ಸೇರಿತು. ಅಂಗಡಿಯಲ್ಲಿ ಎರಡೂ ಪಕ್ಕಪಕ್ಕ ಇದ್ದರೆ ಯಾವುದು ಬೇಕು ಅಂತ ಹೇಳಬೇಕಾಗಿಲ್ಲ ತಾನೆ?

ಹಾಡಿನದ್ದು ಇನ್ನೊಂದು ಗೋಳು. "ಡಬ್ಲ್ಯುಕೆಆರ್‌ಪಿ ಇನ್ ಸಿನ್ಸಿನಾಟಿ" (1978-82) ಒಂದು ರೇಡಿಯೋ ಸ್ಟೇಷನ್ನಿನ ಕಥೆ. ರೇಡಿಯೋದಲ್ಲಿ ಬರುವ ಹಾಡೇ ಎಷ್ಟೋ ಕಡೆ ಹಾಸ್ಯದ ಜೀವ. ಆಗ ಹಾಡಿನ ಹಕ್ಕು ಪಡೆದದ್ದು ಟಿವಿಗೆ ಮಾತ್ರ. ಡಿವಿಡಿ ಅನ್ನೋದನ್ನು ಕನಸಿನಲ್ಲೂ ಯಾರೂ ಕಂಡಿರಲಿಲ್ಲ. 2007ರ ಡಿಸ್ಕಿನಲ್ಲಿ ಎಷ್ಟೋ ಹಾಡು ಕಿತ್ತು ಯಾವುದೋ ಅನಾಮಧೇಯ ಸಂಗೀತ ತುಂಬಿದರು. 2014ರ ಸೆಟ್ಟಿನಲ್ಲಿ ಬಹುಪಾಲು ಮೂಲ ಹಾಡುಗಳು ವಾಪಸ್ ಬಂದವು. "ದಿ ವಂಡರ್ ಇಯರ್ಸ್" (1988-93) ಇದೇ ಕಾರಣಕ್ಕೆ 2014ರವರೆಗೆ ಪೂರ್ತಿ ಸೆಟ್ಟಾಗಿ ಡಿವಿಡಿಯಲ್ಲಿ ಬರಲೇ ಇಲ್ಲ.

"ಇದೆಲ್ಲ ಯಾಕಪ್ಪಾ, ಮೊಬೈಲಿನಲ್ಲೇ ಬರುತ್ತಲ್ಲ" ಅನ್ನುವವರಿಗೆ "ಸೈನ್‌ಫೆಲ್ಡ್" ಉದಾಹರಣೆ ಕೊಡ್ತೀನಿ. ಅದು ಟಿವಿಯಲ್ಲಿ ಬಂದದ್ದು ಹಳೇ ಚೌಕಾಕಾರದಲ್ಲಿ. 2021ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದಾಗ ಅಗಲ ಪರದೆ ತುಂಬಲಿ ಅಂತ ಮೇಲೆ-ಕೆಳಗೆ ಕತ್ತರಿಸಲಾಗಿತ್ತು. "ದಿ ಪಾಟ್‌ಹೋಲ್" ಅನ್ನುವ ಕಂತಿನಲ್ಲಿ ರಸ್ತೆಯ ಗುಂಡಿ ನೋಡುವ ದೃಶ್ಯವಿದೆ. ಕತ್ತರಿಸಿದ ಮೇಲೆ ಆ ಗುಂಡಿಯೇ ಮಾಯ! ರಸ್ತೆಗುಂಡಿ ಮಾಯ ಮಾಡುವ ಈ ವಿದ್ಯೆ ಬೆಂಗಳೂರಿಗೆ ಬಂದಿದ್ದರೆ ಚೆನ್ನಾಗಿತ್ತು. ಡಿವಿಡಿಯಲ್ಲಿ ಗುಂಡಿ ಗುಂಡಿಯಾಗಿಯೇ ಇದೆ.

ಕೊನೆಗೆ ಸ್ವಲ್ಪ ಲೆಕ್ಕ, ಬೇಜಾರಾದರೆ ಬಿಟ್ಟುಬಿಡಿ. ಒಂದು ಪದರದ ಡಿಸ್ಕಿನಲ್ಲಿ ಹಿಡಿಸೋದು 4.7 ಜಿಬಿ. ಎರಡು ಗಂಟೆ ಹಾಕಿದರೆ ಸೆಕೆಂಡಿಗೆ ಸುಮಾರು 5 ಮೆಗಾಬಿಟ್, ನಾಲ್ಕು ಗಂಟೆ ತುರುಕಿದರೆ ಅದರ ಅರ್ಧ. ಎರಡು ಪದರದ್ದಾದರೆ 8.5 ಜಿಬಿ. ಹಾಗಾಗಿ "ಪೂರ್ತಿ ಸೀಸನ್ ಎರಡೇ ಡಿಸ್ಕಿನಲ್ಲಿ" ಅಂದರೆ ಸಂತೋಷಪಡಬೇಡಿ, ಓಡುವ ದೃಶ್ಯದಲ್ಲಿ ಚಿತ್ರ ಚೌಕ ಚೌಕ ಒಡೆಯುತ್ತೆ. ಎರಡೂ ಕಡೆ ಹೊಳೆಯುವ, ಹೆಸರು ಅಚ್ಚಾಗದ ಡಿಸ್ಕಾದರೆ ಬೆಳಕಿಗೆ ಹಿಡಿದು ಎರಡೂ ಮುಖ ನೋಡಿ, ಅವು ಬೇಗ ಹಾಳಾಗುವ ಜಾತಿ. ನಮ್ಮಲ್ಲೂ ಯೂರೋಪಿನಲ್ಲೂ ಇರುವ ಪಾಲ್ ಪದ್ಧತಿಗೆ ಇಳಿಸುವಾಗ ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 25ರಲ್ಲಿ ಓಡಿಸುವುದು ರೂಢಿ. 50 ನಿಮಿಷದ ಕಂತು 48 ನಿಮಿಷಕ್ಕೆ ಮುಗಿಯುತ್ತೆ, ಕತ್ತರಿ ಹಾಕದೆಯೇ. ನಟರ ದನಿ ಮಾತ್ರ ತುಸು ತೆಳ್ಳಗಾಗುತ್ತೆ.

ಬೆಲೆಯ ವಿಷಯ ಕೇಳ್ತೀರಾ? 2000ದಲ್ಲಿ "ದಿ ಎಕ್ಸ್ ಫೈಲ್ಸ್" ಮೊದಲ ಸೀಸನ್ ಏಳು ಡಿಸ್ಕಿನ ಸೆಟ್ಟಾಗಿ ಬಂದಾಗ ಸುಮಾರು 150 ಡಾಲರ್. ಅಂಥ ಸೆಟ್ಟುಗಳು ಈಗ ಪಿಜ್ಜಾ ಬೆಲೆಗೆ ಕಪಾಟಿನಲ್ಲಿ ಬಿದ್ದಿರುತ್ತವೆ. ಅಂದಮೇಲೆ ಬೆಲೆಗೂ ಮೌಲ್ಯಕ್ಕೂ ಸಂಬಂಧವಿಲ್ಲ.

ಇರಲಿ, ಅಪ್ಪನ ವಿಷಯಕ್ಕೆ ಬರ್ತೀನಿ. ಆ "ಸಿಸಿ" ಗುರುತು ಸಬ್‌ಟೈಟಲ್ ಅಲ್ಲ. 1980ರಲ್ಲಿ ಅಮೆರಿಕದಲ್ಲಿ ಕಿವಿ ಕೇಳದವರಿಗೋಸ್ಕರ ಶುರುವಾದ ವ್ಯವಸ್ಥೆ ಅದು. ಟಿವಿ ಸಂಕೇತದ 21ನೇ ಗೆರೆಯಲ್ಲಿ ಅಕ್ಷರಗಳನ್ನು ಅಡಗಿಸಿ ಕಳಿಸುತ್ತಿದ್ದರು, ಅಲ್ಲಿನ ಟಿವಿಯೇ ಅದನ್ನು ಬಿಡಿಸಿ ತೋರಿಸಬೇಕು. ಡಿವಿಡಿಗೂ ಅದನ್ನೇ ಹಾಗೆಯೇ ತುಂಬಿದರು. ನಾನು ಜಂಬದಿಂದ ಹಾಕಿದ ಎಚ್‌ಡಿಎಂಐ ಕೇಬಲ್ ಅದನ್ನು ಸಾಗಿಸೋದೇ ಇಲ್ಲ. ಅಕ್ಷರ ಡಿಸ್ಕಿನಲ್ಲೇ ಇತ್ತು, ಅಪ್ಪನವರೆಗೆ ತಲುಪುತ್ತಿರಲಿಲ್ಲ.

ಮುಂದಿನ ಶುಕ್ರವಾರ ರಾತ್ರಿಯ ಬಸ್ಸಿಗೆ ಮೈಸೂರಿಗೆ ಹೋದೆ. ಹಳೇ ಲ್ಯಾಪ್‌ಟಾಪಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ಕಿಸಿ, ವಿಎಲ್‌ಸಿಯಲ್ಲಿ ಡಿಸ್ಕ್ ಹಾಕಿ, ಮೆನುವಿನಲ್ಲಿ ಕ್ಲೋಸ್ಡ್ ಕ್ಯಾಪ್ಶನ್ ಒತ್ತಿ, ಟಿವಿಗೆ ಜೋಡಿಸಿದೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಮೂಡಿದವು. ಅಪ್ಪ ಕನ್ನಡಕ ಹಾಕಿಕೊಂಡು ಮುಂದೆ ಬಾಗಿ ಕೂತರು. ಐದು ನಿಮಿಷ ಏನೂ ಮಾತಿಲ್ಲ. ಆಮೇಲೆ ನಕ್ಕರು. ಈ ಸಲ ಟಿವಿಯವರಿಗಿಂತ ಮೊದಲೇ ನಕ್ಕರು, ಓದುವವನಿಗೆ ಮಾತು ಒಂದು ಕ್ಷಣ ಮುಂಚೆ ಸಿಗುತ್ತಲ್ಲ.

"ಯಾಕೆ ಮೊದಲೇ ಹೇಳಲಿಲ್ಲ?" ಅಂತ ಜೋರಾಗಿ ಕೇಳಿದೆ.

"ಅಷ್ಟು ದೂರದಿಂದ ಹೊತ್ಕೊಂಡು ಬಂದಿದ್ದೆ, ಬೇಜಾರು ಮಾಡ್ಕೋತೀಯ ಅಂತ" ಅಂದರು. ನಾನು ಮೂರು ಡಾಲರಿನ ಕಥೆ, ಫಿಲ್ಮು-ಟೇಪಿನ ಕಥೆಯನ್ನೆಲ್ಲ ಒದರಿದೆ. ಎಷ್ಟು ಕೇಳಿಸಿತೋ. ಕೊನೆಗೆ ಕ್ಯಾಷಿಯರ್ ಹೇಳಿದರು: "ಹರಿದ ನೋಟು ತಂದು ಕೊಡ್ತಿದ್ರು ಕಣೋ ಜನ. ಎಷ್ಟು ಹಳೇದು, ಎಷ್ಟು ಕೊಳಕು ಅಂತ ಯಾರು ನೋಡ್ತಾರೆ? ನಂಬರು ಕಾಣ್ಬೇಕು, ಅಷ್ಟೆ."

ನಿಮ್ಮ ಮನೆಯ ಅಟ್ಟದ ಮೇಲೂ ಅಂಥ ಡಬ್ಬವೊಂದು ಇರಬಹುದು. ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ತೆರೆದು ಹಾಕಿ ನೋಡಿ. ಅದನ್ನು ಯಾರು ನೋಡಬೇಕೋ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು.